ಕೋಟನೂರಿನ ಜೋಡಿಗೆ ಹಂಪಿ ಎಷ್ಟು ದೂರ?

ಕರ್ನಾಟಕದಲ್ಲಿ ಎರಡು ಕಮಲಾಪುರಗಳಿವೆ. ಒಂದು ಹಂಪಿಯ ಮಗ್ಗುಲಲ್ಲಿದೆ. ವಿಜಯನಗರದ ಅರಮನೆಗಳ ಶೈಲಿಯಲ್ಲೇ ಕಟ್ಟಿದ ಐಷಾರಾಮಿ ರೆಸಾರ್ಟ್ ಅಲ್ಲಿದೆ. ಹೊಸದಾಗಿ ಮದುವೆಯಾದವರು ಅದರ ಮುಂದೆ ನಿಂತು ತೆಗೆಸಿಕೊಂಡ ಫೋಟೊಗಳನ್ನು ನೀವೂ ಇನ್‌ಸ್ಟಾದಲ್ಲಿ ನೋಡಿರುತ್ತೀರಿ. ಇನ್ನೊಂದು ನಮ್ಮ ಕಲಬುರಗಿ ಜಿಲ್ಲೆಯ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಜಿಐ ಮಾನ್ಯತೆ ಪಡೆದ ಊರು. ಅದೇ ಸೀಮೆಯ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಂಬಜ್‌ಗಳ ಗುಂಪೇ ಇದೆ. ಅಲ್ಲಿಗೆ ಹೋಗಿ ಫೋಟೊ ಹಾಕಿದವರು ನಿಮ್ಮ ಫೀಡ್‌ನಲ್ಲಿ ಎಷ್ಟು ಜನ?

ಪ್ರವಾಸೋದ್ಯಮದ ಮಾರುಕಟ್ಟೆಯಲ್ಲಿ ಈಗ ಒಂದು ಸಿದ್ಧ ಸೂತ್ರ ಓಡುತ್ತಿದೆ: ಒಂದಿಷ್ಟು ಸಂಸ್ಕೃತಿ, ಒಂದಿಷ್ಟು ಹಾಳುಬಿದ್ದ ಊರು, ಕೊನೆಗೆ ಕಡಲು. ಜೋಡಿಗಳಿಗೆ ಹೇಳಿ ಮಾಡಿಸಿದ ಪ್ಯಾಕೇಜು. ನಮ್ಮ ರಾಜ್ಯದಲ್ಲಿ ಇದರ ಅತ್ಯಂತ ದುಬಾರಿ ರೂಪ ಗೋಲ್ಡನ್ ಚಾರಿಯಟ್ ರೈಲು. 2008ರಲ್ಲಿ ಶುರುವಾಗಿ, ನಡುವೆ ವರ್ಷಗಟ್ಟಲೆ ನಿಂತು, 2024ರ ಡಿಸೆಂಬರ್‌ನಲ್ಲಿ ಮತ್ತೆ ಹಳಿಗೆ ಬಂತು. ಇದರ ‘ಪ್ರೈಡ್ ಆಫ್ ಕರ್ನಾಟಕ’ ಪ್ರವಾಸ ಐದು ರಾತ್ರಿಯದ್ದು. ಬೆಂಗಳೂರು, ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಆಮೇಲೆ ಗೋವಾ. ತಲಾ ಸುಮಾರು 4 ಲಕ್ಷ ರೂಪಾಯಿ. ಜೋಡಿಗಾದರೆ ಎಂಟು ಲಕ್ಷ.

ಹೆಸರನ್ನು ಇನ್ನೊಮ್ಮೆ ಓದಿ. ‘ಕರ್ನಾಟಕದ ಹೆಮ್ಮೆ’ ಹಂಪಿಯಿಂದ ಉತ್ತರಕ್ಕೆ ಏರುವುದೇ ಇಲ್ಲ, ನೇರ ಗೋವಾಕ್ಕೆ ತಿರುಗುತ್ತದೆ. ಕನ್ನಡದಲ್ಲಿ ಉಳಿದುಬಂದಿರುವ ಮೊದಲ ಕೃತಿ ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ. ಅದು ಕಾಗಿಣಾ ದಂಡೆಯ ಇಂದಿನ ಮಳಖೇಡ. ಸನ್ನತಿಯ ದೇವಸ್ಥಾನವೊಂದರಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೇ ದೊರೆಯಿತು. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದ್ದು. ಮಸೀದಿಗಳಲ್ಲಿ ಸಾಮಾನ್ಯವಾಗಿರುವ ತೆರೆದ ಅಂಗಳ ಅದಕ್ಕಿಲ್ಲ, ಇಡೀ ಕಟ್ಟಡದ ಮೇಲೆ ಚಾವಣಿ ಇದೆ. ಇಷ್ಟೆಲ್ಲ ಇದ್ದೂ ಹೆಮ್ಮೆಯ ಪಟ್ಟಿಯಲ್ಲಿ ನಾವಿಲ್ಲ.

‘ಹಾಗಾದರೆ ನಮ್ಮನ್ನೂ ಸೇರಿಸಿ’ ಅಂತ ಕೇಳುವುದು ಸುಲಭ. ಪ್ರತಿ ಬಜೆಟ್ಟಿನ ಹೊತ್ತಿಗೂ ಕಲ್ಯಾಣ ಕರ್ನಾಟಕದಿಂದ ಈ ಕೂಗು ಏಳುತ್ತದೆ, ನ್ಯಾಯವಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಆ ಎಂಟು ಲಕ್ಷಕ್ಕೆ ಜೋಡಿಯೊಂದು ಕೊಳ್ಳುವುದಾದರೂ ಏನನ್ನು?

ಬೆಳ್ಳಿ ತಟ್ಟೆ, ಸ್ಪಾ, ರೇಷ್ಮೆ ಹಾಸಿಗೆ ಬಿಟ್ಟುಬಿಡಿ. ಅವನ್ನು ತೆಗೆದ ಮೇಲೆ ಉಳಿಯುವುದು ಇಷ್ಟು: ಸ್ಮಾರಕದ ಬಾಗಿಲವರೆಗೆ ವಾಹನ, ಸ್ವಚ್ಛ ಶೌಚಾಲಯ, ಚರಿತ್ರೆ ಗೊತ್ತಿರುವ ಗೈಡು, ರಾತ್ರಿ ಹೆದರದೆ ಮಲಗುವ ಕೋಣೆ. ಮುಖ್ಯವಾಗಿ, ‘ಇವರು ನಿಮಗೇನಾಗಬೇಕ್ರಿ?’ ಅಂತ ಯಾರೂ ಕೇಳದ ಖಾಸಗಿತನ. ಇದರಲ್ಲಿ ಐಷಾರಾಮ ಯಾವುದು ಹೇಳಿ? ಇವೆಲ್ಲ ಪ್ರಜೆಗೆ ಸಿಗಬೇಕಾದ ಮಾಮೂಲಿ ಸಂಗತಿಗಳು. ಎಲ್ಲರಿಗೂ ಸಿಗದ ಕಾರಣಕ್ಕೇ ಅವಕ್ಕೆ ‘ಲಕ್ಷುರಿ’ ಅನ್ನುವ ಚೀಟಿ ಅಂಟಿದೆ.

ಈಗ ಕಲಬುರಗಿ ನಗರಕ್ಕೆ ಹೊಂದಿಕೊಂಡ ಕೋಟನೂರಿನ ಒಂದು ಜೋಡಿಯನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಇಪ್ಪತ್ತೈದರ ಆಸುಪಾಸು. ಅವನು ಖಾಸಗಿ ಕಂಪನಿಯಲ್ಲಿ, ಅವಳು ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಯಲ್ಲಿ. ಇವರಿಗೆ ಸಂಸ್ಕೃತಿ, ಹಾಳು ಊರು, ಕಡಲು ಎಷ್ಟು ದೂರ?

ಕಿಲೋಮೀಟರ್ ಲೆಕ್ಕದಲ್ಲಿ ಮೊದಲ ಎರಡು ಮನೆ ಬಾಗಿಲಲ್ಲೇ ಇವೆ. ಭೀಮಾ ದಂಡೆಯಲ್ಲಿ ಫಿರೋಜಾಬಾದ್ ಇದೆ. ಸುಲ್ತಾನ ಫಿರೋಜ್ ಷಾ ಬಹಮನಿ 1400ರ ಆಸುಪಾಸಿನಲ್ಲಿ ಕಟ್ಟಿಸಿದ ಅರಮನೆ ನಗರ, ಈಗ ಹೊಲಗಳ ನಡುವೆ ನಿಂತ ಗೋಡೆಗಳು. ಅವನ ಸಮಾಧಿ ಇರುವುದು ನಗರದ ಹಫ್ತ್ ಗುಂಬಜ್‌ನಲ್ಲಿ. ಈ ಸುಲ್ತಾನ ವಿಜಯನಗರದ ದೇವರಾಯನ ಮಗಳನ್ನು ಮದುವೆಯಾದ ಅಂತ ಇತಿಹಾಸಕಾರ ಫಿರಿಷ್ತಾ ದಾಖಲಿಸಿದ್ದಾನೆ. ಅದು ಯುದ್ಧ ಮುಗಿಸಲು ಮಾಡಿಕೊಂಡ ರಾಜಕೀಯ ಸಂಬಂಧ, ಪ್ರೇಮಕಥೆ ಅಂತ ಬಣ್ಣ ಹಚ್ಚುವುದು ಬೇಡ. ಆದರೂ ಆರು ಶತಮಾನದ ಹಿಂದೆ ಎರಡು ಧರ್ಮದ ಅರಮನೆಗಳ ನಡುವೆ ಬಹಿರಂಗವಾಗಿ ನಡೆದ ಮದುವೆಯನ್ನು ಇಂದು ಎರಡು ಸಾಧಾರಣ ಮನೆಗಳ ನಡುವೆ ಮಾಡಲು ಪೊಲೀಸ್ ರಕ್ಷಣೆ ಕೇಳಬೇಕಾಗುತ್ತದೆ.

ದೂರದ ಅಸಲಿ ಲೆಕ್ಕ ಶುರುವಾಗುವುದು ಇಲ್ಲಿಂದ. ಆ ಜೋಡಿ ಬೇರೆ ಬೇರೆ ಜಾತಿಯವರಾದರೆ, ಬೇರೆ ಧರ್ಮದವರಾದರೆ, ಅಥವಾ ಇನ್ನೂ ಮದುವೆಯೇ ಆಗಿರದಿದ್ದರೆ?

ಕಾನೂನು ಸ್ಪಷ್ಟವಾಗಿದೆ. ವಯಸ್ಕರಿಬ್ಬರು ಒಪ್ಪಿ ಒಂದಾದರೆ ಮನೆಯವರಾಗಲೀ ಜಾತಿ ಪಂಚಾಯಿತಿಯಾಗಲೀ ತಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದೆ. ಮದುವೆಯಾಗದ ಜೋಡಿ ಹೋಟೆಲ್ ಕೋಣೆಯಲ್ಲಿ ತಂಗುವುದು ಅಪರಾಧವಲ್ಲ ಅಂತ ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿದೆ. ಆದರೆ ಲಾಡ್ಜಿನ ಕೌಂಟರಿನಲ್ಲಿ ನಡೆಯುವುದು ಕೋರ್ಟಿನ ಮಾತಲ್ಲ. 2025ರ ಜನವರಿಯಲ್ಲಿ ಓಯೊ ಕಂಪನಿ ಮೀರತ್‌ನಿಂದ ಶುರುಮಾಡಿ, ಮದುವೆಯಾಗದ ಜೋಡಿಗಳಿಗೆ ಕೋಣೆ ನಿರಾಕರಿಸುವ ಅಧಿಕಾರವನ್ನು ಹೋಟೆಲ್‌ಗಳಿಗೆ ಕೊಟ್ಟಿತು. ಅಗ್ಗದ ಕೋಣೆಗಳ ಮೇಲೆ ನೈತಿಕತೆಯ ಕಾವಲು ಬಿತ್ತು. ದುಬಾರಿ ರೆಸಾರ್ಟಿನಲ್ಲಿ ಆಧಾರ್ ಕಾರ್ಡು, ಕ್ರೆಡಿಟ್ ಕಾರ್ಡು ಕೊಟ್ಟರೆ ಸಾಮಾನ್ಯವಾಗಿ ಪ್ರಶ್ನೆಗಳೇ ಏಳುವುದಿಲ್ಲ.

ಕಾವಲು ಪ್ರಶ್ನೆಗೆ ನಿಲ್ಲುವುದಿಲ್ಲ ಎಂಬುದಕ್ಕೆ ಹಾನಗಲ್ ಸಾಕ್ಷಿ. 2024ರ ಜನವರಿಯಲ್ಲಿ ಅಲ್ಲಿನ ಲಾಡ್ಜೊಂದರಲ್ಲಿದ್ದ ಅಂತರ್ಧರ್ಮೀಯ ಜೋಡಿಯ ಮೇಲೆ ಗುಂಪು ನುಗ್ಗಿತು. ತನ್ನನ್ನು ಹೊತ್ತೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರು ಅಂತ ಮಹಿಳೆ ದೂರು ಕೊಟ್ಟರು. 2025ರ ಮೇ ತಿಂಗಳಲ್ಲಿ ಜಾಮೀನು ಪಡೆದ ಆರೋಪಿಗಳು ಊರಲ್ಲಿ ವಾಹನಗಳ ಮೆರವಣಿಗೆ ನಡೆಸಿದರು. ಇನ್ನು ಕಡಲಿನ ಕಡೆಗೆ ಬಂದರೆ, 2009ರ ಮಂಗಳೂರು ಪಬ್ ದಾಳಿ, 2012ರ ಪಡೀಲ್ ಹೋಮ್‌ಸ್ಟೇ ದಾಳಿಯನ್ನು ಕರಾವಳಿ ಇನ್ನೂ ಮರೆತಿಲ್ಲ. ಕಾಸರಕೋಡು, ಪಡುಬಿದ್ರಿ ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ನೀರಿನ ಶುದ್ಧತೆ, ಸುರಕ್ಷತೆ, ಸೌಕರ್ಯ ಎಲ್ಲವನ್ನೂ ಅಳೆದು ಕೊಡುವ ಬಾವುಟ ಅದು. ಮರಳಿನ ಮೇಲೆ ಇಬ್ಬರು ನಿರ್ಭಯವಾಗಿ ಕೂರಬಹುದೇ ಅಂತ ಅಳೆಯುವ ಬಾವುಟ ಮಾತ್ರ ಇನ್ನೂ ಬಂದಿಲ್ಲ.

ವಿಚಿತ್ರ ನೋಡಿ, ಕಡಲಿಗೆ ಹೋಗುವ ದಾರಿಯನ್ನು ಸರ್ಕಾರ ಅರ್ಧ ತೆರೆದೇ ಇಟ್ಟಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ಎಸಿ, ಸ್ಲೀಪರ್, ರಾಜಹಂಸ ಬಸ್ಸುಗಳಿಗೆ ಅನ್ವಯವಿಲ್ಲ. ಅಂದರೆ ಕೋಟನೂರಿನ ಆ ಹುಡುಗಿ ಬಸ್ಸು ಬದಲಿಸುತ್ತ ಗೋಕರ್ಣದವರೆಗೂ ಶೂನ್ಯ ಟಿಕೆಟಿನಲ್ಲಿ ಹೋಗಬಲ್ಲಳು. ಚಲಿಸುವ ಹಕ್ಕನ್ನು ಕೊಟ್ಟ ಸರ್ಕಾರ ತಂಗುವ ಹಕ್ಕಿನ ಬಗ್ಗೆ ಸುಮ್ಮನಿದ್ದರೆ, ಆ ಟಿಕೆಟು ಸಂಜೆಯೊಳಗೆ ಮನೆ ಸೇರುವವರಿಗಷ್ಟೇ ಉಪಯೋಗ.

ಇನ್ನೊಂದು ಎಚ್ಚರಿಕೆ. ಐಷಾರಾಮಿ ಪ್ರವಾಸೋದ್ಯಮ ಬಂದ ಕಡೆ ಮೊದಲು ಜಾಗ ಕಳೆದುಕೊಳ್ಳುವವರು ಯಾರು ಅನ್ನುವುದನ್ನು ಹಂಪಿ ಹೇಳಿಕೊಟ್ಟಿದೆ. 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ, ಅಂಗಡಿಗಳ ಮೇಲೆ ಜೆಸಿಬಿ ಹರಿಯಿತು. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ವಿರೂಪಾಪುರ ಗಡ್ಡೆಯ ಅಗ್ಗದ ಗೆಸ್ಟ್‌ಹೌಸ್‌ಗಳು ನೆಲಸಮವಾದವು. ಸ್ಮಾರಕ ಉಳಿಸುವುದು ತಪ್ಪಲ್ಲ, ಅತಿಕ್ರಮಣಕ್ಕೆ ಕಾನೂನಿನ ಉತ್ತರ ಬೇಕು, ಒಪ್ಪೋಣ. ಆದರೆ ಒಟ್ಟು ಫಲ ಏನಾಯಿತು? ಸಣ್ಣ ಜೇಬಿನ ಪ್ರವಾಸಿಗೂ ಅವರನ್ನು ನಂಬಿದ್ದ ಸಣ್ಣ ವ್ಯಾಪಾರಿಗೂ ಹಂಪಿಯಲ್ಲಿ ಜಾಗ ಕಿರಿದಾಯಿತು.

ಕಲಬುರಗಿ ಕೋಟೆಯೊಳಗೂ ತಲೆಮಾರುಗಳಿಂದ ಕುಟುಂಬಗಳು ವಾಸವಾಗಿವೆ. ದಖ್ಖನ್ ಸುಲ್ತಾನರ ಸ್ಮಾರಕಗಳು ಎಂಬ ಹೆಸರಿನಲ್ಲಿ ಕಲಬುರಗಿ, ಬೀದರ್, ವಿಜಯಪುರ, ಹೈದರಾಬಾದ್ 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ನಾಳೆ ಆ ಮಾನ್ಯತೆ ಬಂದರೆ ಸಂಭ್ರಮದ ಹಿಂದೆಯೇ ಜೆಸಿಬಿ ಬರುತ್ತದಾ, ಅಥವಾ ಪುನರ್ವಸತಿಯ ಪತ್ರ ಮೊದಲು ಬರುತ್ತದಾ? ಇದನ್ನು ಈಗಲೇ ಕೇಳಬೇಕು.

‘ದುಡ್ಡಿರುವ ಪ್ರವಾಸಿ ಬಂದರೆ ತಾನೇ ಊರಿಗೆ ಉದ್ಯೋಗ?’ ಅನ್ನುವ ವಾದವಿದೆ. ತಳ್ಳಿಹಾಕುವಂಥದ್ದಲ್ಲ. ರಾಜ್ಯದ 2024–29ರ ಪ್ರವಾಸೋದ್ಯಮ ನೀತಿ ಲೆಕ್ಕ ಹಾಕುವುದೂ ಹೂಡಿಕೆ ಮತ್ತು ಉದ್ಯೋಗದ ಭಾಷೆಯಲ್ಲೇ. ಬರಲಿ, ರೆಸಾರ್ಟೂ ಬರಲಿ. ಆದರೆ ರೆಸಾರ್ಟಿನ ಅತಿಥಿ ಕಾಂಪೌಂಡಿನೊಳಗೇ ಉಂಡು ಮಲಗಿ ಹೋಗುತ್ತಾನೆ. ಬಸ್ಸಿನಲ್ಲಿ ಬಂದ ಜೋಡಿ ಖಾನಾವಳಿಯಲ್ಲಿ ಜೋಳದ ರೊಟ್ಟಿ ತಿನ್ನುತ್ತದೆ, ಆಟೋ ಹತ್ತುತ್ತದೆ, ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳುತ್ತದೆ. ಊರಿನ ಕೈಗೆ ನೇರವಾಗಿ ದುಡ್ಡು ಸೇರುವುದು ಹೀಗೆ.

ಹಾಗಾಗಿ ಕೇಳೋಣ, ಸಣ್ಣದಾಗಿ, ಸ್ಪಷ್ಟವಾಗಿ. ಭಾನುವಾರಗಳಂದು ಕಲಬುರಗಿಯಿಂದ ಫಿರೋಜಾಬಾದ್, ಮಳಖೇಡ, ಸನ್ನತಿಗೆ ಕೆಕೆಆರ್‌ಟಿಸಿಯ ಸಾಮಾನ್ಯ ಬಸ್ಸು ಓಡಲಿ, ಶಕ್ತಿ ಟಿಕೆಟ್ ಅದರಲ್ಲಿ ನಡೆಯಲಿ. ಪ್ರತಿ ಸ್ಮಾರಕದ ಬಳಿ ಬೀಗ ಹಾಕದ ಶೌಚಾಲಯ ಇರಲಿ. ಇತಿಹಾಸ ಓದಿದ ಸ್ಥಳೀಯ ಯುವಕ ಯುವತಿಯರಿಗೆ ಗೈಡ್ ತರಬೇತಿ, ಪರವಾನಗಿ ಸಿಗಲಿ. ವಯಸ್ಕರ ಗುರುತಿನ ಚೀಟಿ ಇದ್ದರೆ ಕೋಣೆ ನಿರಾಕರಿಸುವಂತಿಲ್ಲ ಅನ್ನುವುದು ಲಾಡ್ಜಿನ ಪರವಾನಗಿಯ ಷರತ್ತಾಗಲಿ. ಜೋಡಿಗಳ ಮೇಲೆ ಗುಂಪು ಬಿದ್ದರೆ ಯಾವ ಠಾಣೆಯ ಯಾವ ಅಧಿಕಾರಿ ಹೊಣೆ ಅನ್ನುವುದು ನೀತಿಯಲ್ಲೇ ಬರೆದಿರಲಿ.

ಗೋಲ್ಡನ್ ಚಾರಿಯಟ್ ಕಲಬುರಗಿಗೆ ಬಂದರೆ ಬರಲಿ, ಬೇಡ ಅನ್ನುವವರು ಯಾರು? ಆದರೆ ಪ್ರವಾಸೋದ್ಯಮ ನೀತಿ ಗೆದ್ದಿತೋ ಸೋತಿತೋ ಎಂಬುದನ್ನು ಆ ರೈಲಿನ ಸೀಟುಗಳಿಂದ ಅಳೆಯುವುದು ಬೇಡ. ಕೋಟನೂರಿನ ಆ ಇಬ್ಬರು ಹಫ್ತ್ ಗುಂಬಜ್‌ನ ನೆರಳಲ್ಲಿ ಒಂದು ಮಧ್ಯಾಹ್ನ ಕೂತು, ಯಾರಿಗೂ ಉತ್ತರ ಕೊಡದೆ ಎದ್ದು ಬರುವಂತಾಯಿತೇ? ಅಳೆಯಬೇಕಾದದ್ದು ಅದನ್ನು.