ದೇವರ ಮಾದರಿ ಸಹಿ

ಸೊಲ್ಲಾಪುರದಲ್ಲಿ ನಾವು ಹೋಗುವ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದೊಡನೆ ಒಂದು ಮಾತು ಕಿವಿಗೆ ಬೀಳುತ್ತದೆ: "ಇವತ್ತು ದೇವರ ಸಾನ್ನಿಧ್ಯ ಭಾಳ ಇತ್ತು." ಯಾವಾಗ ಹಾಗನ್ನುತ್ತಾರೆ? ಡ್ರಮ್ಮು ಜೋರಾಗಿದ್ದಾಗ, ಪ್ರಸಂಗಿಯ ಗಂಟಲು ಕಟ್ಟಿದಾಗ, ನಾಲ್ಕು ಜನ ಅತ್ತಾಗ. ನಾನು ಬ್ಯಾಂಕಿನ ಗುಮಾಸ್ತ. ಚೆಕ್ಕಿನ ಮೇಲಿನ ಸಹಿ ದೊಡ್ಡದಾಗಿದೆ ಎಂದು ಹಣ ಕೊಡುವವನಲ್ಲ. ಮಾದರಿ ಸಹಿಯೊಂದಿಗೆ ತಾಳೆ ನೋಡುವವನು. ಆದ್ದರಿಂದ ಕೇಳುತ್ತೇನೆ: ಈ ಸಾನ್ನಿಧ್ಯದ ಮಾದರಿ ಸಹಿ ಯಾವುದು?

ನನ್ನ ಅವ್ವ ಅಕ್ಕಲಕೋಟೆಯವಳು. ಅಪ್ಪ ತೀರಿಕೊಂಡ ಮೇಲೆ ನಮ್ಮೊಡನೆ ಇದ್ದಾಳೆ. ಅವಳ ಜಗಳ, ಕನಸು, ಪ್ರಾರ್ಥನೆ ಎಲ್ಲವೂ ಕನ್ನಡ. ಮರಾಠಿ ಸಂತೆಗೆ ಸಾಕಾಗುವಷ್ಟು ಬರುತ್ತದೆ, ಪ್ರಸಂಗಕ್ಕೆ ಸಾಲದು. ತಿಂಗಳಿಗೊಮ್ಮೆ ವೇದಪಾಠವನ್ನು ಕನ್ನಡದಲ್ಲೂ ಓದಿರೆಂದು ಸಭೆಯ ಹಿರಿಯರನ್ನು ಕೇಳಿದೆ. "ದೇವರಿಗೆ ಭಾಷೆ ಯಾಕ್ರೀ? ಹೀಗೆ ಮಾಡಿದರೆ ಸಭೆ ಒಡೀತದ" ಎಂದರು. ದೇವರಿಗೆ ಬೇಡ, ಒಪ್ಪಿದೆ. ಅವ್ವನಿಗೆ ಬೇಕಲ್ಲ! ಅರ್ಥವಾಗದ ಸಾವಿರಾರು ಮಾತಿಗಿಂತ ಅರ್ಥವಾಗುವ ಐದು ಮಾತು ಮೇಲೆಂದು ಕೊರಿಂಥದವರಿಗೆ ಬರೆದವನು ಪೌಲನೇ ಅಲ್ಲವೆ?

ಮರಾಠಿಯ ಮೇಲೆ ನನಗೆ ದ್ವೇಷವಿಲ್ಲ. ಅಹ್ಮದನಗರದ ನಾರಾಯಣ ವಾಮನ ಟಿಳಕರು ಕ್ರಿಸ್ತನನ್ನು ಅಭಂಗಗಳಲ್ಲಿ ಹಾಡಿ ಮರಾಠಿ ಸಭೆಗೆ ಅದರದೇ ದನಿ ಕೊಟ್ಟರು. 1917ರಲ್ಲಿ ಮಿಷನ್ ನೌಕರಿಯನ್ನೂ ಬಿಟ್ಟು, ದೀಕ್ಷಾಸ್ನಾನ ಆದವರೂ ಆಗದವರೂ ಕೂಡುವ 'ದೇವರ ದರ್ಬಾರ'ನ್ನು ಕಟ್ಟಲು ಹೊರಟರು. ಮಂಗಳೂರಿನಲ್ಲಿ ಕಿಟ್ಟೆಲರು 1862ರಲ್ಲೇ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ತಂದರು. ಇವರಿಂದ ಯಾವ ಸಭೆ ಒಡೆಯಿತು?

ಕಳೆದ ಮಳೆಗಾಲದಲ್ಲಿ ಅವ್ವ ಜಾರಿಬಿದ್ದು ಎರಡು ತಿಂಗಳು ಹಾಸಿಗೆ ಹಿಡಿದಳು. ಹೊಸ ಸ್ಪೀಕರುಗಳಿಗಾಗಿ ಚಂದಾ ರಸೀತಿ ಪುಸ್ತಕ ಮನೆಗೆ ಎರಡು ಸಲ ಬಂತು. ಸಭಾಪಾಲಕರು ಒಂದು ಸಲವೂ ಬರಲಿಲ್ಲ. ದಿನಾ ಬಂದವಳು ಪಕ್ಕದ ಮನೆಯ ಲಿಂಗಾಯತರ ಅಕ್ಕ, ಅವಳೂ ಅಕ್ಕಲಕೋಟೆ ಕಡೆಯವಳು. ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, "ಅವ್ವಾ, ನಿಮ್ಮ ಪ್ರಾರ್ಥನಾ ಮಾಡ್ರಿ, ನಾ ಕೇಳ್ತೀನಿ" ಎನ್ನುತ್ತಿದ್ದಳು. ಅವ್ವ ಕಣ್ಣು ಮುಚ್ಚಿ ಕನ್ನಡದಲ್ಲಿ ಪ್ರಾರ್ಥಿಸುವಳು. ಆಕೆ ಸೆರಗು ಹೊದ್ದು ಕೂಡುವಳು. ಆ ಕೋಣೆಯಲ್ಲಿ ಡ್ರಮ್ಮು ಇರಲಿಲ್ಲ.

ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯ ತೆರೆದು ನೋಡಿ. ಹಸಿದವನು, ಪರದೇಶಿ, ರೋಗಿ, ಸೆರೆಯಾಳು: ಇವರಿಗೆ ಮಾಡಿದ್ದು ತನಗೆ ಮಾಡಿದ್ದು ಎಂದು ಕರ್ತನು ತಾನೇ ಹಾಕಿಕೊಟ್ಟ ಮಾದರಿ ಸಹಿ ಅಲ್ಲಿದೆ. ನಮ್ಮ ಸಭೆಯ ಚೆಕ್ಕು ಅದಕ್ಕೆ ತಾಳೆಯಾಗಲಿಲ್ಲ.

ನಮ್ಮವರಿಗೂ ಒಂದು ಮಾತು. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಕನ್ನಡ ರಾಜ್ಯಕ್ಕೆ ಸೇರಿಸಬೇಕೆಂದಿತು, ಅದು ಜಾರಿಯಾಗಲಿಲ್ಲ. ಆ ನೋವು ನಿಮಗೂ ಗೊತ್ತು, ನಮಗೂ ಗೊತ್ತು. ಆದರೆ ಕನ್ನಡ ತಂದ ಮಾತ್ರಕ್ಕೆ ದೇವರು ಬಂದಾನೆಂದು ನಾನು ಹೇಳುತ್ತಿಲ್ಲ. ಈ ಬೆಟ್ಟವೂ ಅಲ್ಲ, ಯೆರೂಸಲೇಮೂ ಅಲ್ಲ ಎಂದು ಯೇಸು ಸಮಾರ್ಯದ ಹೆಂಗಸಿಗೆ ಬಾವಿಯ ಬಳಿ ತಿಳಿಸಿದ್ದು ನಮಗೂ ಸಲ್ಲುತ್ತದೆ. ಕನ್ನಡದಲ್ಲಿ ಹಾಡಿ, ಪಕ್ಕದ ಮನೆಯ ರೋಗಿಯನ್ನು ಮರೆತರೆ ನಮ್ಮ ಸಹಿಯೂ ಖೋಟಾ.

ನಾನು ಗಡಿ ಬದಲಿಸಿ ಎಂದು ಕೇಳುತ್ತಿಲ್ಲ. ತಿಂಗಳಿಗೊಂದು ಪಾಠ ಕನ್ನಡದಲ್ಲಿ, ವಾರಕ್ಕೊಂದು ರೋಗಿಯ ಭೇಟಿ. ಸ್ಪೀಕರು ಆಮೇಲೆ ತನ್ನಿ.