ಹಾವನ್ನು ಸಾಕಬಹುದೇ, ಅಜ್ಜಾ?

ಮಕ್ಕಳೇ, ನಾವು ಮನೆಯಲ್ಲಿ ನಾಯಿ ಸಾಕುತ್ತೇವೆ, ಬೆಕ್ಕು ಸಾಕುತ್ತೇವೆ, ಗಾಜಿನ ತೊಟ್ಟಿಯಲ್ಲಿ ಮೀನು ಬಿಡುತ್ತೇವೆ. ಹಾಗಾದರೆ ತೋಟದಲ್ಲಿ ಸಿಕ್ಕಿದ ಹಾವನ್ನು ಏಕೆ ಸಾಕಬಾರದು? ಹೀಗೆ ಕೇಳಿದರೆ ದೊಡ್ಡವರು "ತಲೆ ಕೆಟ್ಟಿದೆಯಾ ನಿನಗೆ?" ಎಂದು ಗದರಿ ಮುಗಿಸಿಬಿಡುತ್ತಾರೆ. ಗದರಿಕೆ ಉತ್ತರವಲ್ಲ. ಬ್ಯಾಂಕಿನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಲೆಡ್ಜರ್ ಬರೆದವನು ನಾನು. ಜಮೆ ಒಂದು ಕಡೆ, ಖರ್ಚು ಒಂದು ಕಡೆ ಬರೆದು ಕೂಡಿಸಿ ನೋಡದೆ ಯಾವ ಮಾತನ್ನೂ ಒಪ್ಪಿ ಅಭ್ಯಾಸವಿಲ್ಲ.

ಕಳೆದ ದಸರಾ ರಜೆಯಲ್ಲಿ ಈ ಪ್ರಶ್ನೆ ನಮ್ಮ ಮನೆಗೇ ಬಂತು. ಸಾಗರದ ಕಡೆ ಮಗಳ ಮನೆ, ಸುತ್ತ ಅಡಿಕೆ ತೋಟ. ಏಳನೇ ಕ್ಲಾಸಿನ ಮೊಮ್ಮಗ ತೋಟದ ಕಾಲುವೆಯಲ್ಲಿ ಕಂಡ ಒಂದೂವರೆ ಅಡಿಯ ಹಾವಿನ ಮರಿಯನ್ನು ಮೀನಿನ ಬಲೆಯಲ್ಲಿ ಹಿಡಿದು, ಹಳೆಯ ಮೀನಿನ ತೊಟ್ಟಿಗೆ ಹಾಕಿ, ಮೇಲೆ ಹಲಗೆ ಮುಚ್ಚಿಟ್ಟಿದ್ದ. ನಾವು ಹೋಗುವ ಹೊತ್ತಿಗೆ ಎರಡು ದಿನವಾಗಿತ್ತು. ಹಾವು ಏನೂ ತಿಂದಿರಲಿಲ್ಲ. ದಾರಿ ಹುಡುಕುತ್ತಾ ಗಾಜಿಗೆ ಉಜ್ಜಿ ಉಜ್ಜಿ ಮೂತಿ ಕೆಂಪಾಗಿತ್ತು. ಮಗಳು ಆ ಕೋಣೆಯ ಕಡೆಗೇ ಸುಳಿಯುತ್ತಿರಲಿಲ್ಲ. ಅಜ್ಜಿ ನಾಗದೋಷದ ಮಾತು ತೆಗೆದಳು. ಅಳಿಯಂದಿರು "ಹೊಡೆದು ಹಾಕಿದರೆ ಆಯಿತಪ್ಪ" ಎಂದರು.

ಹುಡುಗನ ಕಣ್ಣಲ್ಲಿ ನೀರು. "ಅಜ್ಜಾ, ಹೋದ ತಿಂಗಳು ಅಂಗಳಕ್ಕೆ ಬಂದ ಕೇರೆ ಹಾವನ್ನು ನಾಗರಹಾವು ಅಂತ ಕೊಂದರು. ಇದನ್ನು ಬಿಟ್ಟರೆ ಇದನ್ನೂ ಕೊಲ್ಲುತ್ತಾರೆ. ನನ್ನ ಹತ್ತಿರ ಇದ್ದರೆ ಬದುಕುತ್ತೆ" ಎಂದ.

ಇದು ಆಟದ ಮಾತಾಗಿರಲಿಲ್ಲ. ಅರಣ್ಯ ಇಲಾಖೆಯವರಿಗೆ ಫೋನು ಮಾಡಿದೆವು. ಅವರು ಬರುವ ತನಕ ನಾನೂ ಅವನೂ ಜಗಲಿಯಲ್ಲಿ ಕುಳಿತು, ನೋಟುಬುಕ್ಕಿನ ನಡುವೆ ಗೆರೆ ಎಳೆದು ಲೆಕ್ಕ ಬರೆದೆವು.

ಜಮೆಯ ಕಡೆ ಅವನೇ ಬರೆದ. ಒಂದು, ದೊಣ್ಣೆಯ ಏಟಿನಿಂದ ಹಾವು ಪಾರಾಗುತ್ತದೆ. ಎರಡು, ಇದು ಕೇರೆ, ವಿಷವಿಲ್ಲ. ಮೂರು, ಹತ್ತಿರದಿಂದ ನೋಡಿ ಕಲಿಯಬಹುದು. ಮೂರೂ ತೂಕದ ಮಾತುಗಳೇ.

ಈಗ ಖರ್ಚಿನ ಕಡೆ. ಮೊದಲನೆಯದು ಊಟ. ಹಾವಿಗೆ ಹಾಲು ಆಹಾರವಲ್ಲ. ಹಾವಾಡಿಗರು ಹಬ್ಬದ ಮೊದಲು ಹಾವುಗಳಿಗೆ ನೀರು ಕೊಡದೆ ಬಾಯಾರಿಸುತ್ತಾರೆ; ಅದಕ್ಕೇ ಅವು ಹಾಲಿಗೆ ಬಾಯಿ ಹಾಕುತ್ತವೆ. ಕೇರೆಯ ಮರಿಗೆ ಕಪ್ಪೆ ಬೇಕು, ಹಲ್ಲಿ ಬೇಕು. ದೊಡ್ಡದಾದ ಮೇಲೆ ಇಲಿ ಬೇಕು. ಅಷ್ಟು ಕೊಟ್ಟರೂ ಕಾಡಿನಿಂದ ಹಿಡಿದು ತಂದ ಹಾವು ಎಷ್ಟೋ ಸಲ ತಿನ್ನಲು ಒಪ್ಪುವುದೇ ಇಲ್ಲ. ಹಾವು ವಾರಗಟ್ಟಲೆ ಉಪವಾಸ ತಡೆಯಬಲ್ಲದು. ಹಾಗಾಗಿ ಅದು ಸೊರಗುತ್ತಿರುವುದು ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಎರಡನೆಯದು ಬಿಸಿಲು. ನಮ್ಮ ಹಾಗೆ ಹಾವಿನ ಮೈ ತಾನೇ ಬೆಚ್ಚಗಿರುವುದಿಲ್ಲ. ಚಳಿಯಾದರೆ ಬಿಸಿಲಿಗೆ, ಸೆಕೆಯಾದರೆ ನೆರಳಿಗೆ ಅದು ಹರಿದು ಹೋಗಬೇಕು. ಪೊರೆ ಕಳಚುವಾಗ ಗಾಳಿಯಲ್ಲಿ ತೇವ ಇರಬೇಕು. ತೊಟ್ಟಿಯೊಳಗೆ ಇವೆಲ್ಲ ಎಲ್ಲಿಂದ ತರುವುದು?

ಮೂರನೆಯದು ರೋಗ. ಕಾಡಿನ ಹಾವಿನ ಮೈಮೇಲೆ ಉಣ್ಣೆ, ಹೊಟ್ಟೆಯೊಳಗೆ ಹುಳು ಇರುವುದು ಸಾಮಾನ್ಯ. ಹೊರಗೆ ಅದು ಹೇಗೋ ತಾಳಿಕೊಂಡಿರುತ್ತದೆ, ಕೂಡಿಟ್ಟರೆ ಸೋತುಹೋಗುತ್ತದೆ. ಹಾವು, ಹಲ್ಲಿ, ಆಮೆಗಳಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ನಮಗೂ ಅಂಟಬಹುದು. ಚಿಕ್ಕ ಮಕ್ಕಳಿಗೂ ನನ್ನಂಥ ಮುದುಕರಿಗೂ ಅದು ಹೆಚ್ಚು ಕಾಟ ಕೊಡುತ್ತದೆ.

ನಾಲ್ಕನೆಯದು ಬೆಳವಣಿಗೆ. ಇವತ್ತಿನ ಒಂದೂವರೆ ಅಡಿ ಮುಂದೆ ಆರು ಅಡಿ ದಾಟುತ್ತದೆ. ಕೇರೆ ಹಗಲಲ್ಲಿ ಓಡಾಡುವ, ಬಹಳ ಚುರುಕಾದ ಹಾವು. ಮರ ಹತ್ತುತ್ತದೆ, ನೀರಿಗಿಳಿಯುತ್ತದೆ. ಅದಕ್ಕೆ ಎಷ್ಟು ದೊಡ್ಡ ತೊಟ್ಟಿ ಸಾಕು?

"ನಾನು ದಿನಾ ಮಾತಾಡಿಸಿದರೆ ನನ್ನನ್ನು ಗುರುತು ಹಿಡಿಯಲ್ವಾ?" ಎಂದು ಕೇಳಿದ. ನಾಯಿ ನಮ್ಮ ಜೊತೆ ಸಾವಿರಾರು ವರ್ಷ ಬಾಳಿ ನಮ್ಮ ಮನೆಯದಾಯಿತು. ಹಾವು ಹಾಗಲ್ಲ. ನಾವು ಮುಟ್ಟಿದಾಗ ಅದು ಸುಮ್ಮನಿದ್ದರೆ ಅದು ಪ್ರೀತಿ ಇರಲಾರದು, ಹೆದರಿಕೆಯೇ ಇರಬಹುದು ಎಂದೆ. ಅದನ್ನು ಅವನು ಬರೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತ.

ಐದನೆಯದು ಗುರುತಿನ ಪ್ರಶ್ನೆ. ಬ್ಯಾಂಕಿನಲ್ಲಿ ಸಹಿ ಒಂದೇ ಥರ ಕಂಡರೆ ಸಾಲದು, ಒಂದೇ ಆಗಿರಬೇಕು. ವಿಷವಿಲ್ಲದ ತೋಳಹಾವಿನ ಮೈಮೇಲೂ ಪಟ್ಟೆ, ಭಾರೀ ವಿಷದ ಕಟ್ಟುಹಾವಿನ ಮೈಮೇಲೂ ಪಟ್ಟೆ. ತಿಳಿದವರೂ ತಬ್ಬಿಬ್ಬಾಗುತ್ತಾರೆ. ಕಟ್ಟುಹಾವು ಕಡಿದರೆ ಹೆಚ್ಚು ನೋವೂ ಆಗುವುದಿಲ್ಲ, ಮಲಗಿದವರಿಗೆ ತಿಳಿಯುವುದೂ ಇಲ್ಲ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸುಮಾರು 12 ಲಕ್ಷ ಜನ ತೀರಿಕೊಂಡಿದ್ದಾರೆ ಎಂಬ ಅಂದಾಜಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಕಡ್ಡಾಯ ಮಾಡಿತು.

ಕೊನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಕೇರೆ, ನಾಗರ ಮೊದಲಾದ ನಮ್ಮ ಹಾವುಗಳನ್ನು ಹಿಡಿದು ಸಾಕುವಂತಿಲ್ಲ. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದೂ ತಪ್ಪು.

ಆಗ ಅವನು ಒಂದು ಒಳ್ಳೆಯ ಪ್ರಶ್ನೆ ಎತ್ತಿದ: "ಮತ್ತೆ ಔಷಧಿಗೆ ವಿಷ ತೆಗೆಯುವವರು ಹಾವು ಹಿಡಿಯಲ್ವಾ?" ಹಿಡಿಯುತ್ತಾರೆ. ತಮಿಳುನಾಡಿನಲ್ಲಿ ಇರುಳ ಸಮುದಾಯದವರು 1978ರಲ್ಲಿ ಒಂದು ಸಹಕಾರ ಸಂಘ ಕಟ್ಟಿಕೊಂಡರು. ಸರ್ಕಾರದ ಪರವಾನಗಿ ಪಡೆದು ಹಾವು ಹಿಡಿಯುತ್ತಾರೆ, ಕೆಲವು ವಾರ ಇಟ್ಟುಕೊಂಡು ವಿಷ ತೆಗೆಯುತ್ತಾರೆ, ಆಮೇಲೆ ಮತ್ತೆ ಕಾಡಿಗೆ ಬಿಡುತ್ತಾರೆ. ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಲೆತಲಾಂತರದಿಂದ ಹಾವನ್ನು ಬಲ್ಲ ಅವರೂ ಅದನ್ನು ಸಾಲ ತಂದ ಹಾಗೆ ತಂದು, ಅವಧಿ ಮುಗಿದೊಡನೆ ಹಿಂದಿರುಗಿಸುತ್ತಾರೆ.

ಲೆಕ್ಕ ಕೂಡಿಸಿದೆವು. ಜಮೆಯಲ್ಲಿ ಅವನು ಬರೆದ ಮೊದಲನೆಯ ಬಾಬತ್ತೊಂದು ಮಾತ್ರ ಅಳಿಸಲಾಗದೆ ಉಳಿಯಿತು. ಬಿಟ್ಟ ಹಾವನ್ನು ಮನೆಯವರೇ ಕೊಂದರೆ? "ಇದಕ್ಕೆ ನೀವೇ ಜಾಮೀನು ಕೊಡಿಸಬೇಕು, ಅಜ್ಜಾ" ಎಂದ. ನ್ಯಾಯವಾದ ಬೇಡಿಕೆ. ಅವನ ಅಪ್ಪ-ಅಮ್ಮನನ್ನು ಕರೆದು ಕೂರಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ನಾವು ಆಡುತ್ತೇವೆ, ಹಾವು ಕಂಡ ಕೂಡಲೇ ಕೋಲು ಹುಡುಕುತ್ತೇವೆ. ಕೇರೆ ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ ಎನ್ನುವುದು ಸುಳ್ಳು. ನಾಗರದ ಜೊತೆ ಕೂಡುತ್ತದೆ ಎನ್ನುವುದೂ ಸುಳ್ಳು. ಹೆಣೆದುಕೊಂಡು ಎದ್ದು ನಿಲ್ಲುವ ಜೋಡಿ ಎಷ್ಟೋ ಸಲ ಕಾದಾಡುವ ಎರಡು ಗಂಡು ಕೇರೆಗಳು. ತೋಟದ ಇಲಿಯನ್ನು ಸಂಬಳವಿಲ್ಲದೆ ಹಿಡಿಯುವ ಹಾವು ಅದು. ಅಳಿಯಂದಿರು ಸ್ವಲ್ಪ ಹೊತ್ತು ಯೋಚಿಸಿ, "ಇನ್ನು ಮೇಲೆ ಹಾವು ಕಂಡರೆ ಮೊದಲು ಫೋನು, ಹೊಡೆಯೋದಿಲ್ಲ" ಎಂದು ಮಗನ ಕೈ ಮುಟ್ಟಿ ಹೇಳಿದರು. ಇಲಾಖೆಯವರು ಬಂದರು, ಕೇರೆಯೇ ಎಂದು ಖಚಿತಪಡಿಸಿದರು, ಅದೇ ಕಾಲುವೆಯ ಬದಿಯಲ್ಲಿ ಬಿಟ್ಟರು. ಹಾವಿಗೆ ತನ್ನ ಜಾಗದ ಬಿಲ, ನೀರು, ಬೇಟೆ ಗೊತ್ತಿರುತ್ತದೆ. ದೂರ ಒಯ್ದು ಬಿಟ್ಟರೆ ದಿಕ್ಕು ತಪ್ಪಿ ಅಲೆಯುತ್ತದೆ.

ಪುಟಾಣಿಗಳೇ, ನಿಮಗೆ ಹಾವು ಕಂಡರೆ ಹಿಡಿಯಲು ಹೋಗಬೇಡಿ, ಕೇರೆಯ ಹಾಗೆ ಕಂಡರೂ ಬೇಡ. ಹತ್ತು ಹೆಜ್ಜೆ ಹಿಂದೆ ನಿಂತು ದೊಡ್ಡವರನ್ನು ಕರೆಯಿರಿ. ಮನೆಯೊಳಗೆ ಬಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಯಾರಿಗಾದರೂ ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು, ಆಂಬುಲೆನ್ಸಿಗೆ 108.

ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಮಗು ಹಾವನ್ನು ಸಾಕುತ್ತೇನೆ ಎಂದರೆ ಗದರಬೇಡಿ. ಎಲ್ಲರೂ ಹೆದರುವ ಜೀವವನ್ನು ಅದು ಉಳಿಸಲು ನೋಡುತ್ತಿರಬಹುದು. ಒಂದು ನೋಟುಬುಕ್ಕು ಕೊಡಿಸಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಬಣ್ಣದ ಹಾವು ದೂರದಿಂದ ಕಂಡಿತು, ಯಾವ ಕಡೆ ಹೋಯಿತು ಎಂದು ಬರೆದಿಡಲಿ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಪುಟಗಳು ತುಂಬುತ್ತವೆ.