ಡ್ಯಾಮಿಗೆ ನೀರು ಬಂತು, ಗಾಳಿ ಮೊದಲೇ ಇತ್ತು; ಇನ್ನು ಮಕ್ಕಳ ಕೈಗೆ ಚುಕ್ಕಾಣಿ ಕೊಡೋಣ

ಹಿರಿಯೂರಿನ ಹುಡುಗರು, ಹುಡುಗಿಯರು ಹಾಯಿದೋಣಿ ನಡೆಸುವುದನ್ನು ಕಲಿಯಬೇಕು ಎಂದರೆ ಮೊದಲು ನಗು ಬರುತ್ತದೆ. ಬರದ ನಾಡು, ಬೋರ್‌ವೆಲ್‌ಗೆ ಸಾವಿರ ಅಡಿ ಕೊರೆಯುವ ನಾಡು, ಇಲ್ಲೆಲ್ಲಿಯ ದೋಣಿ ಎನ್ನುತ್ತೀರಿ. ಆದರೂ ಇವತ್ತು ಈ ಮಾತನ್ನು ನಾವು ತಮಾಷೆಗೆ ಆಡುತ್ತಿಲ್ಲ.

ನಮ್ಮ ವಾಣಿವಿಲಾಸ ಸಾಗರವನ್ನೇ ನೋಡಿ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1898ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದನ್ನು ಅಜ್ಜಂದಿರು ಕಥೆಯಂತೆ ಹೇಳುತ್ತಿದ್ದರು. ಆಮೇಲೆ 89 ವರ್ಷ ಅದು ಕಥೆಯಾಗಿಯೇ ಉಳಿಯಿತು. 2022ರ ಸೆಪ್ಟೆಂಬರ್‌ನಲ್ಲಿ ನೀರು 130 ಅಡಿ ಮುಟ್ಟಿ ಕೋಡಿ ಹರಿದಾಗ ತಾಲ್ಲೂಕಿಗೆ ತಾಲ್ಲೂಕೇ ನೋಡಲು ಹೋಯಿತು. 2025ರ ಜನವರಿಯಲ್ಲಿ ಮತ್ತೆ ಹರಿಯಿತು. ಭದ್ರಾ ನೀರೂ ಈಗ ಈ ಕಡೆಗೆ ಬರುತ್ತಿದೆ. ಹೊಸದುರ್ಗದ ಕಡೆಯ ಹಿನ್ನೀರಿನವರೆಗೆ ಕಣ್ಣು ಹಾಯಿಸಿದಷ್ಟೂ ನೀರು.

ನೀರು ಬಂದರೆ ಅದರ ಹಿಂದೆ ಜನ, ಅಂಗಡಿ, ದೋಣಿ ಎಲ್ಲ ಬರುತ್ತವೆ. ಆ ದಿನ ನಮ್ಮ ಮಕ್ಕಳು ದಡದಲ್ಲಿ ಜೋಳದ ತೆನೆ ಸುಡುತ್ತಾ ನಿಂತಿರಬೇಕೋ, ಚುಕ್ಕಾಣಿ ಹಿಡಿದು ದೋಣಿಯಲ್ಲಿ ಕೂತಿರಬೇಕೋ? ತೆನೆ ಸುಡುವುದು ಕೀಳು ಕೆಲಸವಲ್ಲ. ಆದರೆ ನಮ್ಮೂರ ನೀರಿನ ಮೇಲಿನ ಕೆಲಸಕ್ಕೆ ಹೊರಗಿನಿಂದ ಜನ ಕರೆಸುವ ಸ್ಥಿತಿ ಬರಬಾರದು. ಇದು ನಮ್ಮ ಮೊದಲ ಮಾತು.

ಎರಡನೆಯದು ಇದಕ್ಕಿಂತ ಗಂಭೀರ.

ಬಾವಿ ಬತ್ತಿತು, ಈಜೂ ಹೋಯಿತು

ನಮ್ಮ ಅಪ್ಪಂದಿರು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಮಾವನೋ ಚಿಕ್ಕಪ್ಪನೋ ಮೇಲಿಂದ ತಳ್ಳುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು. ಕೆಲವನ್ನು ಮುಚ್ಚಿದರು, ಕೆಲವಕ್ಕೆ ಕಸ ತುಂಬಿದರು. ಬಾವಿಯ ಜೊತೆಗೆ ಈಜೂ ಹೋಯಿತು. ಈಗ ಇಪ್ಪತ್ತು ವರ್ಷದ ಒಳಗಿನವರಲ್ಲಿ ಈಜು ಬರುವವರು ಎಷ್ಟು ಮಂದಿ ಎಂದು ನಿಮ್ಮ ಬೀದಿಯಲ್ಲೇ ಎಣಿಸಿ ನೋಡಿ.

ಇತ್ತ ಈಜು ಬಾರದ ಮಕ್ಕಳ ಸುತ್ತ ನೀರು ಹೆಚ್ಚುತ್ತಿದೆ. ಡ್ಯಾಮು, ಕಾಲುವೆ, ತುಂಬಿದ ಕೆರೆ, ಹೊಲದಲ್ಲಿ ಕೃಷಿಹೊಂಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದರೆ ಜಾರಿದವರಿಗೆ ಮೇಲೆ ಹತ್ತಲು ಹಿಡಿತವೇ ಸಿಗುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಪ್ರವಾಸಕ್ಕೆ ಹೋಗಿ ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡರು. ಅವರೂ ನಮ್ಮ ಹಾಗೆ ಬಯಲುಸೀಮೆಯ ಮಕ್ಕಳು.

ನೀರಿನ ಹತ್ತಿರ ಹೋಗಬೇಡ ಎಂದು ಹೇಳಿ ಮಕ್ಕಳನ್ನು ಉಳಿಸಿಕೊಳ್ಳಬಹುದು ಎಂಬುದು ನಮಗೆ ನಂಬಿಕೆಯಿಲ್ಲ. ಹೋಗೇ ಹೋಗುತ್ತಾರೆ. ನೀರನ್ನು ಸರಿಯಾಗಿ ಪರಿಚಯ ಮಾಡಿಸುವುದೇ ದಾರಿ. ಹಾಯಿದೋಣಿ ತರಬೇತಿ ಅಂಥದ್ದೊಂದು ಪರಿಚಯ. ಅದರಲ್ಲಿ ಮೊದಲು ಕಲಿಸುವುದೇ ದೋಣಿ ಮಗುಚಿದಾಗ ಏನು ಮಾಡಬೇಕು ಎಂಬುದನ್ನು.

ಇದು ಸಾಹುಕಾರರ ಆಟ ಅಲ್ಲವಾ?

ಎಲ್ಲರೂ ಕೇಳುವ ಪ್ರಶ್ನೆ. ದೋಣಿ ಕೊಳ್ಳುವುದು ಸಾಹುಕಾರರ ಕೆಲಸವೇ ಇರಬಹುದು. ನಡೆಸಲು ಕಲಿಯುವುದು ಹಾಗಲ್ಲ. ಮಧ್ಯಪ್ರದೇಶಕ್ಕೆ ಸಮುದ್ರವೇ ಇಲ್ಲ. ಅಲ್ಲಿನ ದೇವಾಸ್ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ್ ಭೋಪಾಲದ ಕೆರೆಯಲ್ಲಿರುವ ಸೇಲಿಂಗ್ ಶಾಲೆಯಲ್ಲಿ ಕಲಿತು, 2023ರಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಪದಕ ತಂದಳು. ಆಗ ಅವಳಿಗೆ 17 ವರ್ಷ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಬಡ ಮನೆಗಳ ಮಕ್ಕಳು ಯಾಟ್ ಕ್ಲಬ್ಬಿನಲ್ಲಿ ಕಲಿತು ದೇಶಮಟ್ಟದ ಸ್ಪರ್ಧೆಗಳಿಗೆ ಹೋಗುತ್ತಿದ್ದಾರೆ. ಎರಡೂ ಕಡೆ ಇರುವುದು ಕೆರೆಯೇ ಹೊರತು ಕಡಲಲ್ಲ.

ಇನ್ನು ಗಾಳಿಯ ವಿಷಯಕ್ಕೆ ನಾವೇ ಮೇಷ್ಟ್ರು. ನಮ್ಮ ಗುಡ್ಡಗಳ ಮೇಲೆ ಇಷ್ಟೊಂದು ಫ್ಯಾನು ಯಾಕೆ ನಿಲ್ಲಿಸಿದ್ದಾರೆ? ಗಾಳಿ ಇದೆ ಅಂತ. ಕಣದಲ್ಲಿ ರಾಶಿ ತೂರುವ ಅವ್ವನಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾವಾಗ ನಿಲ್ಲುತ್ತದೆ, ಮೊರವನ್ನು ಎಷ್ಟು ಓರೆ ಹಿಡಿಯಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ಹಾಯಿಯ ಅರ್ಧ ವಿದ್ಯೆ ಅದೇ.

ಎಲ್ಲಿ ಕಲಿಯಬಹುದು?

ಬೇರೆ ಬೇರೆ ಬಾಗಿಲುಗಳಿವೆ.

ಒಂದು, ರಾಜ್ಯ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ. ಜಲಸಾಹಸ ಶಿಬಿರಗಳನ್ನು ಇದು ನಡೆಸುತ್ತದೆ. ಚಿತ್ರದುರ್ಗದ ಇಲಾಖೆ ಕಚೇರಿಗೆ ಹೋಗಿ, ಈ ವರ್ಷ ಯಾವ ಶಿಬಿರ ಇದೆ, ಅದರಲ್ಲಿ ಹಾಯಿದೋಣಿ ಇದೆಯೋ ಬರೀ ಹುಟ್ಟು ಹಾಕುವ ದೋಣಿಯೋ ಎಂದು ಕೇಳಿ.

ಎರಡು, ಎನ್‌ಸಿಸಿಯ ನೌಕಾ ವಿಭಾಗ. ಮಂಗಳೂರು, ಮೈಸೂರು, ಬೆಂಗಳೂರಿನಲ್ಲಿ ಇದೆ. ಪಿಯುಸಿ, ಡಿಗ್ರಿಗೆ ಆ ಊರುಗಳಿಗೆ ಹೋಗುವ ಮಕ್ಕಳಿದ್ದರೆ, ಕಾಲೇಜು ಸೇರುವ ದಿನವೇ ಅಲ್ಲಿ ನೌಕಾ ಎನ್‌ಸಿಸಿ ಇದೆಯಾ ಎಂದು ವಿಚಾರಿಸಲಿ. ಕೈಯಲ್ಲಿ ದುಡ್ಡಿಲ್ಲದವರಿಗೆ ಇದೇ ಒಳ್ಳೆಯ ದಾರಿ ಎಂಬುದು ನಮ್ಮ ಅಭಿಪ್ರಾಯ.

ಮೂರು, ಕ್ಲಬ್ಬುಗಳು. ಕೆಆರ್‌ಎಸ್ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಇದೆ.

ನಾಲ್ಕು, ನೀರಿನ ಮೇಲೆ ಉದ್ಯೋಗವನ್ನೇ ಹುಡುಕುವವರಿಗೆ ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಮೋಟಾರ್ ದೋಣಿ ನಡೆಸುವುದು, ಮುಳುಗುವವರನ್ನು ಕಾಪಾಡುವುದು ಇಂಥ ತರಬೇತಿ ಅಲ್ಲಿ ಸಿಗುತ್ತದೆ.

ದುಡ್ಡು ಕಟ್ಟುವ ಮುಂಚೆ ಆರು ಪ್ರಶ್ನೆ

ಫೋನಿನಲ್ಲಿ ಬರುವ ಜಾಹೀರಾತಿನ ಫೋಟೊ ನೋಡಿ ಮಾರುಹೋಗಬೇಡಿ. ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುವ ಜನ ನಾವು. ಇಲ್ಲೂ ಹಾಗೇ ವಿಚಾರಿಸಿ.

1. ನಾವು ನೀರಿನಲ್ಲಿರುವಷ್ಟು ಹೊತ್ತೂ ಕಾವಲಿಗೆ ಮೋಟಾರ್ ದೋಣಿ ಇರುತ್ತದಾ? ಅದರಲ್ಲಿ ಯಾರಿರುತ್ತಾರೆ? "ಬೇಕಾದಾಗ ಕರೆಸುತ್ತೇವೆ" ಎಂದರೆ ಅಲ್ಲಿಗೆ ಕೈಮುಗಿದು ಬನ್ನಿ.

2. ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇದೆಯಾ? 2024ರ ಜನವರಿಯಲ್ಲಿ ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ದೋಣಿ ಮಗುಚಿ 12 ಶಾಲಾ ಮಕ್ಕಳು, 2 ಶಿಕ್ಷಕಿಯರು ಸತ್ತರು. ದೋಣಿಯಲ್ಲಿ ಹೆಚ್ಚು ಜನ ತುಂಬಿದ್ದರು, ಹಲವರಿಗೆ ಜಾಕೆಟ್ ಇರಲಿಲ್ಲ. ಈ ಪ್ರಶ್ನೆ ಕೇಳಲು ಯಾವ ನಾಚಿಕೆಯೂ ಬೇಡ.

3. ಕಲಿಸುವವರ ಬಳಿ ಯಾರು ಕೊಟ್ಟ ಪ್ರಮಾಣಪತ್ರ ಇದೆ? ನಮ್ಮ ದೇಶದಲ್ಲಿ ಈ ಕ್ರೀಡೆಯನ್ನು ನೋಡಿಕೊಳ್ಳುವುದು ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ. ಕ್ಲಬ್ಬಿಗೆ ಅದರ ಮಾನ್ಯತೆ ಇದೆಯಾ ಎಂದೂ ಕೇಳಿ.

4. ಒಬ್ಬ ಗುರುವಿಗೆ ಎಷ್ಟು ಶಿಷ್ಯರು? ಒಬ್ಬೊಬ್ಬರ ಕೈಗೆ ದಿನಕ್ಕೆ ಎಷ್ಟು ಹೊತ್ತು ಚುಕ್ಕಾಣಿ ಸಿಗುತ್ತದೆ? ಇಡೀ ದಿನ ದಡದಲ್ಲಿ ಕೂರಿಸಿ ಹತ್ತು ನಿಮಿಷ ದೋಣಿ ಹತ್ತಿಸಿದರೆ ಅದು ತರಬೇತಿಯಲ್ಲ, ಜಾಲಿ ರೈಡು.

5. ಮೊದಲ ದಿನ ಯಾವ ದೋಣಿ ಕೊಡುತ್ತೀರಿ? ಚಿಕ್ಕ ಮಕ್ಕಳಿಗೆ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿ ಸರಿ. ಸುಮಾರು 2.3 ಮೀಟರ್ ಉದ್ದ, ಒಂದೇ ಹಾಯಿ. ಹದಿನೈದು ವರ್ಷದೊಳಗಿನವರು ಇದರಲ್ಲೇ ಸ್ಪರ್ಧೆಗೂ ಇಳಿಯುತ್ತಾರೆ. ದೊಡ್ಡವರಾದರೂ ಮೊದಲು ಚಿಕ್ಕ ದೋಣಿಯಲ್ಲೇ ಕಲಿಯುವುದು ಒಳ್ಳೆಯದು. ಮಾಡಿದ ತಪ್ಪು ಅದರಲ್ಲಿ ತಕ್ಷಣ ಗೊತ್ತಾಗುತ್ತದೆ.

6. ಫೀಸಿನಲ್ಲಿ ಊಟ, ವಸತಿ, ಜಾಕೆಟ್, ವಿಮೆ, ಪ್ರಮಾಣಪತ್ರ ಎಲ್ಲ ಸೇರಿದೆಯಾ? ಬಸ್ ಚಾರ್ಜು ನಾವೇ ಸೇರಿಸಿ ಲೆಕ್ಕ ಹಾಕಬೇಕು. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಜೊತೆಗೆ ಮಹಿಳೆಯೊಬ್ಬರು ಇದ್ದಾರಾ ಎಂದು ಹೆತ್ತವರು ನೇರವಾಗಿಯೇ ಕೇಳಬೇಕು.

ಈ ಆರಕ್ಕೂ ಸಿಟ್ಟಾಗದೆ ಉತ್ತರ ಕೊಡುವ ಕಡೆ ಸೇರಿಸಿ. ಸಿಡಿಮಿಡಿ ಮಾಡುವವರ ಫೀಸು ಎಷ್ಟೇ ಕಡಿಮೆಯಿದ್ದರೂ ಬೇಡ.

ತಿಂಗಳೂ ನೋಡಿ. ಆಷಾಢದ ಗಾಳಿ ಬಲ್ಲವರಿಗೆ ಹಬ್ಬ. ಹೈದರಾಬಾದಿನಲ್ಲಿ ಜುಲೈನಲ್ಲೇ ಮಾನ್ಸೂನ್ ರೆಗಾಟಾ ಎಂಬ ಸ್ಪರ್ಧೆ ನಡೆಯುವುದು ಅದಕ್ಕೇ. ಹೊಸಬರಿಗೆ ಮಳೆಗಾಲ ಮುಗಿದ ಮೇಲಿನ ಹದವಾದ ಗಾಳಿಯೇ ಸರಿ.

ಮನೆಯಲ್ಲೇ ಮಾಡಬಹುದಾದ ತಯಾರಿ

ಮೊದಲು ಈಜು. ಜಾಕೆಟ್ ಇರುತ್ತದಲ್ಲ ಎನ್ನಬೇಡಿ. ಮುಖ ನೀರಿಗೆ ಬಿದ್ದಾಗ ಗಾಬರಿಯಾಗದಿರುವುದು ಮುಖ್ಯ. ಐವತ್ತು ಮೀಟರ್ ಈಜಿ, ಎರಡು ಮೂರು ನಿಮಿಷ ಅಂಗಾತ ತೇಲುವಷ್ಟು ಬಂದರೆ ಧೈರ್ಯವಾಗಿ ಹೋಗಬಹುದು. ಇದನ್ನು ಈಜುಕೊಳದಲ್ಲೋ, ಬಲ್ಲ ಹಿರಿಯರ ಎದುರಿಗೋ ಕಲಿಯಿರಿ. ಡ್ಯಾಮಿನಲ್ಲಿ, ಕಾಲುವೆಯಲ್ಲಿ, ಕೃಷಿಹೊಂಡದಲ್ಲಿ ಬೇಡವೇ ಬೇಡ. ಟ್ರ್ಯಾಕ್ಟರ್ ಟ್ಯೂಬು ಹಾಕಿಕೊಂಡು ಹಿನ್ನೀರಿಗೆ ಇಳಿಯುವ ಸಾಹಸವೂ ಬೇಡ.

ಎರಡನೆಯದು ಗಂಟು. ಎಂಟರ ಆಕಾರದ ಗಂಟು, ಬಿಗಿದುಕೊಳ್ಳದ ಕುಣಿಕೆ ಎರಡನ್ನೂ ಮನೆಯ ಹಗ್ಗದಲ್ಲೇ ಅಭ್ಯಾಸ ಮಾಡಿ. ದನದ ಕೊರಳು ಬಿಗಿಯದ ಹಾಗೆ ಹಗ್ಗ ಹಾಕುವುದು ತಾತನಿಗೆ ಗೊತ್ತಿರುತ್ತದೆ, ಕೇಳಿ ಕಲಿಯಿರಿ.

ಮೂರನೆಯದು ಗಾಳಿ. ದಿನಾ ಸಂಜೆ ಮನೆ ಮಾಳಿಗೆ ಹತ್ತಿ ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ ನೋಡಿ. ಕೆರೆ ನೀರಿನ ಮೇಲೆ ಸಣ್ಣ ಕಪ್ಪು ನೆರಿಗೆ ಓಡಿ ಬಂದರೆ ಜೋರು ಗಾಳಿ ಬರುತ್ತಿದೆ ಎಂದರ್ಥ. ದಡದಲ್ಲಿ ನಿಂತೇ ಇದನ್ನು ಕಲಿಯಬಹುದು.

ನಾಲ್ಕನೆಯದು ಬಟ್ಟೆಬರೆ. ಜೀನ್ಸು ಬೇಡ, ನೆನೆದರೆ ಭಾರ. ಬೇಗ ಒಣಗುವ ತುಂಬುತೋಳಿನ ಅಂಗಿ, ಲೆಗ್ಗಿಂಗ್ಸ್ ಅಥವಾ ಟ್ರ್ಯಾಕ್ ಪ್ಯಾಂಟು, ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ, ದಾರ ಕಟ್ಟಿದ ಟೋಪಿ. ಸರ, ಉಂಗುರ, ದುಪಟ್ಟಾ ಮನೆಯಲ್ಲೇ ಇರಲಿ. ಕನ್ನಡಕ ಇದ್ದವರು ಅದಕ್ಕೆ ಹಿಂದಿನಿಂದ ದಾರ ಕಟ್ಟಿಕೊಳ್ಳಿ. ಮೂರ್ಛೆರೋಗ, ಉಬ್ಬಸ ಇದ್ದರೆ ಮುಚ್ಚಿಡದೆ ಮೊದಲೇ ಹೇಳಬೇಕು.

ಜಾಕೆಟ್ ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಪಕ್ಕದವರಿಗೆ ಹೇಳಿ. ಅದು ಗಲ್ಲ ದಾಟಿ ಕಿವಿಯ ತನಕ ಬಂದರೆ ದೊಡ್ಡದಾಯಿತು, ಬೇರೆ ಕೇಳಿ.

ಮೊದಲ ದಿನ ಏನಾಗುತ್ತದೆ?

ಹಾಯಿಗೆ ಕಟ್ಟಿದ ಹಗ್ಗ ಒಂದು ಕೈಯಲ್ಲಿ, ಚುಕ್ಕಾಣಿಯ ಹಿಡಿ ಇನ್ನೊಂದರಲ್ಲಿ. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಮೊದಲ ಅರ್ಧ ದಿನ ಎಲ್ಲರಿಗೂ ಇದು ತಲೆಕೆಳಗು. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗುವುದಿಲ್ಲ. ಘಾಟಿ ಹತ್ತುವ ಬಸ್ಸಿನ ಹಾಗೆ ಅಂಕುಡೊಂಕಾಗಿಯೇ ಸಾಗಬೇಕು. ತಿರುಗುವಾಗ ಹಾಯಿಯ ಕೆಳಗಿನ ಅಡ್ಡಕಂಬ ಈ ಕಡೆಯಿಂದ ಆ ಕಡೆಗೆ ಬೀಸಿ ಬರುತ್ತದೆ, ತಲೆ ಬಗ್ಗಿಸಬೇಕು. ಗಾಬರಿಯಾದರೆ ಹಗ್ಗ ಸಡಿಲ ಬಿಟ್ಟರಾಯಿತು, ಹಾಯಿಯಿಂದ ಗಾಳಿ ಜಾರಿಹೋಗಿ ದೋಣಿ ನಿಧಾನವಾಗುತ್ತದೆ.

ಮತ್ತೆ, ದೋಣಿಯನ್ನು ಬೇಕೆಂದೇ ಮಗುಚಿಸುತ್ತಾರೆ. ಹೆದರಬೇಡಿ, ಅದೇ ಮುಖ್ಯ ಪಾಠ. ಮಗುಚಿದರೂ ಕಲಿಕೆಯ ದೋಣಿ ತೇಲುತ್ತಿರುತ್ತದೆ. ಅದನ್ನು ಬಿಟ್ಟು ದಡಕ್ಕೆ ಈಜಲು ಹೋಗಬಾರದು. ಅಡಿಯ ಹಲಗೆಯ ಮೇಲೆ ಭಾರ ಹಾಕಿ ದೋಣಿಯನ್ನು ಎತ್ತಿ ನಿಲ್ಲಿಸುವುದನ್ನು ಕಲಿಸುತ್ತಾರೆ. ಈ ಪಾಠ ಕಲಿಸದ ಕೋರ್ಸು ನಮ್ಮ ಲೆಕ್ಕದಲ್ಲಿ ಕೋರ್ಸೇ ಅಲ್ಲ.

ನಾವು ಕೇಳುವುದು

ಜಿಲ್ಲಾಡಳಿತಕ್ಕೆ ನಮ್ಮದೊಂದು ಮಾತಿದೆ. ವಾಣಿವಿಲಾಸದಲ್ಲಿ ದೋಣಿ ವಿಹಾರದ ಮಾತು ಬಂದಾಗ ಟೆಂಡರು, ಟಿಕೆಟ್ಟಿನ ದರ ಇಷ್ಟೇ ಚರ್ಚೆಯಾಗಬಾರದು. ಸುತ್ತಲಿನ ಹಳ್ಳಿಗಳ ಎಷ್ಟು ಯುವಕ ಯುವತಿಯರಿಗೆ ತರಬೇತಿ, ಕೆಲಸ ಕೊಡುತ್ತೀರಿ ಎಂಬುದೂ ಕಾಗದದ ಮೇಲೆ ಬರಲಿ. ತೆಪ್ಪದಲ್ಲಿ ಮೀನು ಹಿಡಿಯುವವರಿಗೆ ಆ ನೀರಿನ ಸುಳಿ, ಆಳ, ಮರದ ಬೊಡ್ಡೆ ಎಲ್ಲಿವೆ ಎಂದು ಗೊತ್ತು. ಅವರ ಮಕ್ಕಳಿಗೆ ಮೊದಲ ಅವಕಾಶ ಸಿಗಲಿ.

ಗ್ರಾಮ ಪಂಚಾಯಿತಿಯವರಿಗೂ ಹೇಳುವುದಿದೆ. ಹಾಯಿದೋಣಿ ಹಾಗಿರಲಿ, ಮುಂದಿನ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಈಜು ಕಲಿಸುವ ಒಂದು ವ್ಯವಸ್ಥೆ ಮಾಡಿ. ಕ್ರೀಡಾ ಇಲಾಖೆಗೆ ಒಂದು ಅರ್ಜಿ ಕೊಡಿ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಲು ಓದುಗರಾದ ನೀವೂ ಹೋಗಿ. ಮನೆಯಲ್ಲಿ ಹತ್ತು ವರ್ಷದ ಮಗಳೋ ಮಗನೋ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ, ನಮಗೆ ಈಜು ಕಲಿಸಿ ಎಂದು ಅವರ ಬಾಯಿಂದಲೇ ಕೇಳಿಸಿ.